ಬೇರು ಸಮೇತ ಬರೆದ ಚಿತ್ರ

ಅಮೆರಿಕದಲ್ಲಿ ನಾನು ಇದ್ದದ್ದು ನಾಲ್ಕು ತಿಂಗಳು. ಅದರಲ್ಲಿ ಮೂರು ತಿಂಗಳು ಸಿಟ್ಟಿನಲ್ಲೇ ಇದ್ದೆ. ಊರಿಗೆ ಮರಳಿದ ಮೇಲೆ ಕಾಲೇಜಿನವರೆಲ್ಲ ಎತ್ತರದ ಕಟ್ಟಡ ನೋಡಿದಿರಾ, ಜಲಪಾತ ನೋಡಿದಿರಾ ಎಂದು ಕೇಳಿದರು. ನೋಡಿದೆ. ಎರಡೂ ಚೆನ್ನಾಗಿವೆ, ನಾನು ಬರೆದರೂ ಇರುತ್ತವೆ, ಬರೆಯದಿದ್ದರೂ ಇರುತ್ತವೆ. ನಾನು ಬರೆಯಬೇಕಾಗಿರುವುದು ಒಂದು ಗೇಣುದ್ದದ ಗಿಡದ ವಿಷಯ.

ಓಲ್ಡ್ ಬ್ರಿಡ್ಜ್

ನನ್ನ ತಂಗಿ ಪದ್ಮ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿದ್ದಾಳೆ. ಗಂಡ ಶ್ರೀಕಂಠ ಎಡಿಸನ್‌ನಲ್ಲಿ ಎಂಜಿನಿಯರ್. ಮಗಳು ಅನಿತ, ಹದಿನಾಲ್ಕು ವರ್ಷ, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಎಂಬತ್ತೇಳನೇ ಇಸವಿಯ ಏಪ್ರಿಲ್‌ನಲ್ಲಿ, ಮೈಸೂರಿನ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ಕೂಡಿಟ್ಟಿದ್ದ ರಜೆಯನ್ನೆಲ್ಲ ಸೇರಿಸಿಕೊಂಡು ನಾನು ಅಲ್ಲಿಗೆ ಹೋದೆ.

ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಟುಬಿಡುತ್ತಿದ್ದರು. ಆಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಸದ್ದು. ನಡೆದಾಡೋಣವೆಂದು ಹೊರಗೆ ಹೋದರೆ ನಾಲ್ಕು ಮನೆ ದಾಟುವಷ್ಟರಲ್ಲಿ ಫುಟ್‌ಪಾತ್ ಮುಗಿದುಹೋಗುತ್ತಿತ್ತು. ಯಾಕೆ ಮುಗಿಯಿತು ಎಂದು ಕೇಳೋಣವೆಂದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಇದ್ದದ್ದು ಹುಲ್ಲು. ಪ್ರತಿ ಮನೆಯ ಮುಂದೆ ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು. ಅದನ್ನು ಹಸು ಮೇಯುವುದಿಲ್ಲ, ಮಕ್ಕಳು ಆಡುವುದಿಲ್ಲ, ಮನೆಯವರು ಅದರ ಮೇಲೆ ಒಂದು ಹಪ್ಪಳವನ್ನೂ ಒಣಗಿಸುವುದಿಲ್ಲ.

ಒಂದು ದಿನ ಆ ಹುಲ್ಲಿನ ನಡುವೆ ಹಳದಿ ಡ್ಯಾಂಡೆಲಿಯನ್ ಹೂಗಳು ಕಾಣಿಸಿಕೊಂಡವು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಹೂವು ಕಾಲ ಬಳಿ ಬಂದು ನಿಂತಿದೆ ಎಂದು ನಾನು ಹಿಗ್ಗಿ ಹೋದೆ. ಶನಿವಾರ ಶ್ರೀಕಂಠ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಂದು ಅವುಗಳ ಮೇಲೆ ಔಷಧಿ ಹೊಡೆದ. ಸಂಜೆಗೆ ಎಲ್ಲ ಕತ್ತು ಚೆಲ್ಲಿದ್ದವು. ನಾನು ಸುಮ್ಮನಿರಲಾಗದೆ ಅವನ್ನು ಯಾಕೆ ಕೊಂದೆ ಎಂದು ಜೋರಾಗಿಯೇ ಕೇಳಿದೆ.

"ಅಕ್ಕಾ, ಇಲ್ಲಿ ಲಾನ್ ಮೇಂಟೇನ್ ಮಾಡ್ಲಿಲ್ಲ ಅಂದ್ರೆ ನೇಬರ್ಸ್ ಕಂಪ್ಲೇಂಟ್ ಮಾಡ್ತಾರೆ. ನಾನೇನ್ ಮಾಡ್ಲಿ ಹೇಳಿ," ಅಂದ.

ಎರಡು ದಿನ ನಾನು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇರುವಷ್ಟು ದಿನವೂ ಅಕ್ಕ ಹುಲ್ಲಿನ ವಿಷಯಕ್ಕೆ ಗಂಡನ ತಲೆ ತಿನ್ನುತ್ತಾಳೆ ಎಂದು ಹೆದರಿ ಪದ್ಮ ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಹುಡುಕಿ ತಂದಳು. ಪ್ರತಿ ಶನಿವಾರ ಕಾಡಿನಲ್ಲಿ ಕೂತು ಕಾಡುಗಿಡಗಳನ್ನು ಜಲವರ್ಣದಲ್ಲಿ ಬರೆಯಲು ಕಲಿಸುವ ತರಗತಿ. ಕಲಿಸುವವರು ಡೊರತಿ ಎಂಬ ಎಪ್ಪತ್ತರ ಹೆಂಗಸು, ಶಾಲೆಯ ಡ್ರಾಯಿಂಗ್ ಟೀಚರಾಗಿ ನಿವೃತ್ತರಾದವರು. ಹಿಂದಿನ ಬೀದಿಯಲ್ಲೇ ಮನೆ. ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದು ಒಪ್ಪಿದರಂತೆ.

ಮೊದಲ ಶನಿವಾರ

ಕಾಡು ಇಪ್ಪತ್ತು ನಿಮಿಷದ ದಾರಿ, ಪಕ್ಕದ ಊರಿಗೆ ಸೇರಿದ್ದು. ಓಕ್ ಮರ, ಪೈನ್ ಮರ, ಕೆಲವಕ್ಕೆ ಕಟ್ಟಿದ ಕಿತ್ತಳೆ ಪಟ್ಟಿ, ಕೆಳಗೆ ಒದ್ದೆ ನೆಲ. ಉಣ್ಣೆಹುಳು ಕಚ್ಚುತ್ತದೆ, ಜ್ವರ ಬರುತ್ತದೆ ಎಂದು ಶ್ರೀಕಂಠ ತನ್ನ ಉದ್ದನೆಯ ಕಾಲುಚೀಲ ಕೊಟ್ಟಿದ್ದ. ಸೀರೆ, ಅದರ ಕೆಳಗೆ ಮೊಳಕಾಲಿನವರೆಗೆ ಬಿಳಿ ಕಾಲುಚೀಲ, ಅದರ ಕೆಳಗೆ ಅನಿತಳ ಗುಲಾಬಿ ಬಣ್ಣದ ಶೂ. ಆ ಹುಡುಗಿ ನನ್ನನ್ನು ನೋಡಿ, "ದೊಡ್ಡಮ್ಮ, ಪ್ಲೀಸ್, ಡೋಂಟ್ ಟೆಲ್ ಎನಿಒನ್ ಯು ನೋ ಮಿ," ಅಂದಿದ್ದಳು.

ತರಗತಿಯಲ್ಲಿ ಎಂಟು ಜನ, ಎಲ್ಲ ಅಮೆರಿಕದವರು. ಡೊರತಿಗೆ ಸುಲೋಚನ ಎನ್ನಲು ನಾಲಿಗೆ ಹೊರಳಲಿಲ್ಲ. ಮೊದಲ ದಿನವೇ ನನ್ನನ್ನು 'ಸೂ' ಮಾಡಿಬಿಟ್ಟರು. ಎದ್ದು ನಿಂತ ಮೂವತ್ತು ಹುಡುಗಿಯರಿಂದ 'ನಮಸ್ಕಾರ ಮೇಡಂ' ಎನ್ನಿಸಿಕೊಳ್ಳುತ್ತಿದ್ದವಳು ಒಂದೇ ಉಸಿರಿನಲ್ಲಿ ಸೂ ಆದೆ. ಅದೂ ಹೋಗಲಿ. ಬೇಲಿ ಬದಿಯ ಒಂದು ಜರೀಗಿಡ ತೋರಿಸಿ ಬರೆಯಿರಿ ಅಂದರು. ನಾನು ಹದಿನೈದು ನಿಮಿಷದಲ್ಲಿ ಬರೆದು ಮುಗಿಸಿದೆ. ನಮ್ಮ ರೆಕಾರ್ಡ್ ಬುಕ್ಕಿನ ಕ್ರಮ: ಚೂಪು ಪೆನ್ಸಿಲ್, ಒಂದೇ ಗೆರೆ, ನೆರಳು ಹಾಕಬಾರದು, ಭಾಗಗಳ ಹೆಸರು ಬಲಗಡೆ, ಹೆಸರಿನ ಗೆರೆಗಳು ಒಂದನ್ನೊಂದು ದಾಟಬಾರದು. ಎರಡೂ ಕಡೆ ಸರಿಸಮ ಎಲೆ. ಕೆಳಗೆ ಬೇರು. ಬೇರಿಲ್ಲದ ಚಿತ್ರಕ್ಕೆ ನಾನು ಎಂದೂ ಪೂರ್ತಿ ಅಂಕ ಕೊಟ್ಟವಳಲ್ಲ.

ಡೊರತಿ ಅದನ್ನು ತುಂಬ ಹೊತ್ತು ನೋಡಿದರು. ನಿನ್ನ ಗಿಡದಲ್ಲಿ ಎಡಗಡೆ ಮೂರು ಎಲೆಯನ್ನು ಹುಳು ತಿಂದಿದೆ, ಒಂದು ಮುರಿದಿದೆ, ಅವೆಲ್ಲಿ ಎಂದು ಕೇಳಿದರು. ಅದು ಗಿಡದ ಲಕ್ಷಣವಲ್ಲ, ಹುಳುವಿನ ಲಕ್ಷಣ ಎಂದೆ. ಬೇರು ಮಣ್ಣಿನೊಳಗಿದೆಯಲ್ಲ, ಇದು ಹೇಗೆ ಕಂಡಿತು ಎಂದರು. ಜರೀಗಿಡದ ಬೇರು ನನಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು ಎಂದೆ. ಅವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಬಣ್ಣದ ಪಾಠದಲ್ಲಿ ಇನ್ನೂ ಅವಮಾನ. ಹಸಿರು ಬಣ್ಣದ ಟ್ಯೂಬನ್ನೇ ಮುಟ್ಟಬಾರದಂತೆ, ನೀಲಿ ಹಳದಿ ಕಲೆಸಿ ಆಯಾ ಎಲೆಯ ಹಸಿರನ್ನು ನಾವೇ ಮಾಡಿಕೊಳ್ಳಬೇಕಂತೆ. ಬಿಳಿ ಬಣ್ಣವೂ ಇಲ್ಲ, ಬಿಳಿ ಬೇಕಾದಲ್ಲಿ ಕಾಗದವನ್ನು ಹಾಗೇ ಬಿಡಬೇಕು. ನಾನು ನೀರು ಹೆಚ್ಚು ಮಾಡಿ, ಜರೀಗಿಡ ಹರಿದು ಮಡಿಲಿಗೆ ಬಂತು. ಆದರೂ ಮುಂದಿನ ವಾರ ಹೋದೆ. ಹೋಗದಿದ್ದರೆ ಮತ್ತೆ ಹುಲ್ಲು ನೋಡುತ್ತ ಕೂರಬೇಕಿತ್ತು.

ಮೂರನೆಯ ಶನಿವಾರ, ನಾನಿಲ್ಲದ ನಾಲ್ಕನೆಯದು

ಮೂರನೆಯ ವಾರ ಮರವೊಂದಕ್ಕೆ ಹಬ್ಬಿದ್ದ ಬಳ್ಳಿಯನ್ನು ಎಳೆದು ಎಲೆ ಕಿತ್ತು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಒಂದು ತೊಟ್ಟಿಗೆ ಮೂರು ಎಲೆ, ಹೊಳಪು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅದು ಪಾಯ್ಸನ್ ಐವಿ, ಮುಟ್ಟಿದರೆ ಮೈ ಬೊಬ್ಬೆ ಏಳುವ ಬಳ್ಳಿ. ನಮ್ಮ ಗೇರಿನ ಕುಟುಂಬಕ್ಕೇ ಸೇರಿದ್ದು, ಗೇರುಬೀಜದ ಎಣ್ಣೆಯ ಹಾಗೆಯೇ ಸುಡುತ್ತದೆ. ಕುಟುಂಬದ ಲಕ್ಷಣಗಳನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. "ಇಲ್ಲಿ ಯಾವುದನ್ನೂ ಮುಟ್ಟಬೇಡ, ನೋಡು, ಅಷ್ಟೇ," ಎಂದರು ಡೊರತಿ. ನನ್ನ ಚರ್ಮದ ಮೇಲಿನ ಕಾಳಜಿಯಿಂದ ಹೇಳಿದರು ಎಂದುಕೊಂಡೆ.

ಎರಡು ಕೈಯೂ ಊದಿ, ಮುಂದಿನ ಶನಿವಾರ ನಾನು ಮನೆಯಲ್ಲೇ ಉಳಿದೆ. ಪದ್ಮ ಗುಲಾಬಿ ಬಣ್ಣದ ಲೋಷನ್ ಬಳಿಯುತ್ತಿದ್ದಳು. ಆ ದಿನ ತರಗತಿಯಲ್ಲಿ ಡೊರತಿ ಏನು ಹೇಳಿದರು ಎನ್ನುವುದು ನನಗೆ ಗೊತ್ತಾಗಲಿಲ್ಲ. ಯಾರೂ ಹೇಳಲಿಲ್ಲ. ಈ ಮಾತನ್ನು ನಾನು ಆಮೇಲೆ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಐದನೆಯ ಶನಿವಾರ

ಮೇ ತಿಂಗಳ ಕೊನೆ. ಅವರವರಿಗೆ ಬೇಕಾದ ಗಿಡ ಹುಡುಕಿಕೊಂಡು ಬರೆಯಿರಿ ಎಂದು ನಮ್ಮನ್ನು ಬಿಟ್ಟರು. ನಾನು ಒಬ್ಬಳೇ ಪೈನ್ ಮರಗಳ ಕಡೆ ಹೋದೆ. ಒಣಗಿದ ಸೂಜಿ ಎಲೆಗಳ ನಡುವೆ ಅದು ಒಂಟಿಯಾಗಿ ನಿಂತಿತ್ತು. ಬುಡದಲ್ಲಿ ಎರಡೇ ಎಲೆ, ನಡುವೆ ಒಂದು ಗೇಣಿನ ದಂಟು, ತುದಿಯಲ್ಲಿ ಬಾಗಿದ ಒಂದೇ ಗುಲಾಬಿ ಹೂವು, ಉಬ್ಬಿದ ಚೀಲದ ಹಾಗೆ. ಅಲ್ಲಿಯವರು ಅದನ್ನು ಲೇಡಿಸ್ ಸ್ಲಿಪರ್ ಅನ್ನುತ್ತಾರೆ. ನನಗೆ ಅದು ಸಿಪ್ರಿಪೀಡಿಯಂ. ನಮ್ಮ ಸೀತಾಳೆ ದಂಡೆಯ ದೂರದ ನೆಂಟ.

ಇಪ್ಪತ್ತೆರಡು ವರ್ಷ ನಾನು ಈ ಹೂವನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಬೇರೆ ಆರ್ಕಿಡ್‌ಗಳಲ್ಲಿ ಒಂದು ಕೇಸರ, ಇದರಲ್ಲಿ ಎರಡು, ಪರೀಕ್ಷೆಗೆ ಬರುತ್ತದೆ ಬರೆದುಕೊಳ್ಳಿ ಎಂದು ಹೇಳಿದ್ದೇನೆ. ಕಣ್ಣಿಂದ ನೋಡಿದ್ದು ಅವತ್ತೇ. ಅಲ್ಲೇ ಮಂಡಿಯೂರಿ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು ಎನ್ನಲು ನನಗೆ ನಾಚಿಕೆಯಿಲ್ಲ.

ಆಮೇಲೆ ಮಾಡಿದ್ದನ್ನು ಹೇಳುತ್ತೇನೆ. ಅಲ್ಲಿ ಸೊಳ್ಳೆ ಬಹಳ, ಬೆಳಕು ಕಡಿಮೆ, ನೆಲ ಒದ್ದೆ. ಡೊರತಿಯ ಮಡಿಸುವ ಮೇಜು ಬಯಲಲ್ಲಿತ್ತು. ಜೊತೆಗೆ, ಬೇರು ನೋಡದೆ ಈ ಗಿಡವನ್ನು ಬರೆಯುವುದು ಹೇಗೆ? ಪ್ರತಿ ವರ್ಷ ನಾವು ಹುಡುಗಿಯರನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗುತ್ತೇವೆ. ಕಂಡ ಗಿಡವನ್ನೆಲ್ಲ ಬೇರು ಸಮೇತ ಕಿತ್ತು, ತಗಡಿನ ಪೆಟ್ಟಿಗೆಗೆ ತುಂಬಿ, ಹಳೆ ಪೇಪರಿನ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ ತರುತ್ತೇವೆ. ಹಾಗೆ ತರದಿದ್ದರೆ ಪ್ರಾಕ್ಟಿಕಲ್ಸ್‌ನಲ್ಲಿ ಪಾಸಿಲ್ಲ. ಗಿಡವನ್ನು ಗೌರವಿಸುವ ಇನ್ನೊಂದು ದಾರಿ ನನಗೆ ಯಾರೂ ಕಲಿಸಿರಲಿಲ್ಲ.

ಪದ್ಮನ ಅಡಿಗೆಮನೆಯಿಂದ ದೋಸೆ ಮಗುಚುವ ಕೈ ಒಂದನ್ನು ಚೀಲದಲ್ಲಿ ತಂದಿದ್ದೆ. ಅದರಿಂದ ಸುತ್ತ ಬಿಡಿಸಿ, ಒಂದು ಎಳೆಯೂ ಹರಿಯದ ಹಾಗೆ ಹತ್ತು ನಿಮಿಷ ತಾಳ್ಮೆಯಿಂದ ಅಗೆದೆ. ಕುಂಚ ಅದ್ದುವ ನೀರಿನಲ್ಲಿ ಬೇರು ತೊಳೆದು, ಒದ್ದೆ ಪೇಪರಿನ ಮೇಲೆ ಮಲಗಿಸಿಕೊಂಡು ಮೇಜಿಗೆ ಬಂದೆ. ಡೊರತಿ ತಮ್ಮ ಎಂದಿನ ನಗುವನ್ನು ಇವತ್ತು ನಗಲಿ ನೋಡೋಣ ಎಂಬ ಹೆಮ್ಮೆ ಬೇರೆ.

ಡೊರತಿ ಗಿಡ ನೋಡಿದರು, ನನ್ನ ಕೈಯ ಮಣ್ಣು ನೋಡಿದರು.

"ಕಾರಿನಲ್ಲಿ ಹೋಗಿ ಕೂತುಕೋ," ಎಂದರು. "ನಿನ್ನ ಮುಖ ನೋಡಲು ಈಗ ನನ್ನಿಂದ ಆಗುವುದಿಲ್ಲ."

ಡೊರತಿಯ ಕಾರು

ಮೈಸೂರಾಗಿದ್ದರೆ ಸೆರಗು ಕೊಡವಿ ಎದ್ದು, ಸಿಟಿ ಬಸ್ ಹತ್ತಿ ಮನೆಗೆ ಹೋಗುತ್ತಿದ್ದೆ. ಜಗಳವಾಡಿದವರ ಮುಖದ ಮುಂದಿನಿಂದ ಎದ್ದು ಹೋಗುವ ಹಕ್ಕೂ ಇಲ್ಲದ ದೇಶ ಅದು. ಬಸ್ಸಿಲ್ಲ, ಆಟೋ ಇಲ್ಲ, ನಡೆಯಲು ದಾರಿಯಿಲ್ಲ. ಬೈದವರ ಕಾರಿನಲ್ಲೇ, ಅವರಿಗೋಸ್ಕರ ಕಾಯುತ್ತ ಕೂರಬೇಕು. ಎರಡು ಗಂಟೆ ಕೂತೆ. ಹಲ್ಲು ಕಚ್ಚಿಕೊಂಡು, ತೊಡೆಯ ಮೇಲೆ ಹಲಗೆಯಿಟ್ಟು, ಪಕ್ಕದ ಸೀಟಿನಲ್ಲಿ ಗಿಡವಿಟ್ಟು ಬರೆದೆ. ಮತ್ತೇನು ಮಾಡಲಿ?

ಹೂವಿನ ಗುಲಾಬಿ ನೀರಿನೊಳಗೆ ತಾನಾಗಿ ಹರಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಎಲೆಯ ಅಂಚನ್ನು ಹುಳು ಕಡಿದಿತ್ತು, ಅದನ್ನೂ ಬರೆದೆ. ಕೆಳಗೆ ಬೇರು, ಎಳೆ ಎಳೆಯಾಗಿ, ಇದ್ದ ಹಾಗೇ. ಕೊನೆಗೆ ಅಭ್ಯಾಸದಂತೆ ಬಲಗಡೆ ಕೆಳಗೆ ಹೆಸರು, ಹುದ್ದೆ, ಊರು, ಸಹಿ. ಅಷ್ಟು ಚೆನ್ನಾಗಿ ನಾನು ಹಿಂದೆ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ.

ಡೊರತಿ ಬಂದು ಗಿಡವನ್ನು ತೆಗೆದುಕೊಂಡು ಹೋಗಿ ಇದ್ದ ಜಾಗದಲ್ಲೇ ನೆಟ್ಟು ಬಂದರು. ಇದು ಬದುಕುವುದಿಲ್ಲ ಎಂದರು. ದಾರಿಯಲ್ಲಿ ಉಳಿದದ್ದನ್ನು ಹೇಳಿದರು. ಆ ಕಾಡನ್ನು ಕಡಿದು ಮನೆ ಕಟ್ಟಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದಾನೆ. ಮರಗಳಿಗೆ ಕಟ್ಟಿದ್ದ ಕಿತ್ತಳೆ ಪಟ್ಟಿಗಳು ಅಳತೆಯವರದು. ನಾನವನ್ನು ದಾರಿ ತೋರಿಸುವ ಗುರುತು ಎಂದುಕೊಂಡಿದ್ದೆ. ಡೊರತಿ ಎರಡು ವರ್ಷದಿಂದ ಅಲ್ಲಿಯ ಒಂದೊಂದೇ ಗಿಡವನ್ನು ಅದು ನಿಂತಲ್ಲೇ ಬರೆದು, ಜಾಗ ಗುರುತಿಸಿ, ಕಟ್ಟಡಗಳಿಗೆ ಒಪ್ಪಿಗೆ ಕೊಡುವ ಊರಿನ ಪ್ಲಾನಿಂಗ್ ಬೋರ್ಡಿಗೆ ಒಪ್ಪಿಸಲು ಕೂಡಿಸುತ್ತಿದ್ದರು. ಈ ವರ್ಷ ಹೂ ಬಿಟ್ಟ ಲೇಡಿಸ್ ಸ್ಲಿಪರ್ ಅದೊಂದೇ. ಬೋರ್ಡಿನವರು ಬರುವ ಮಂಗಳವಾರ ಅದನ್ನು ಕಣ್ಣಾರೆ ನೋಡಲು ಬರುವವರಿದ್ದರು. ಇದನ್ನೆಲ್ಲ ಅವರು ತರಗತಿಗೆ ಹೇಳಿದ್ದು ನಾನು ಕೈ ಊದಿಸಿಕೊಂಡು ಮನೆಯಲ್ಲಿದ್ದ ಶನಿವಾರ.

ನನ್ನ ಬಾಯಿ ಸುಮ್ಮನಿರಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದೆ. ಕೀಳಬಾರದು ಎನ್ನುವುದನ್ನೂ ಹೇಳಿಕೊಡಬೇಕು ಅಂತ ಹೊಳೆಯಲಿಲ್ಲ ಎಂದರು. ನಿಮ್ಮ ಬೀದಿಯಲ್ಲಿ ಪ್ರತಿ ಮನೆಯವನೂ ವಾರಕ್ಕೊಮ್ಮೆ ಹೂವಿಗೆ ವಿಷ ಹೊಡೆಯುತ್ತಾನೆ, ಎಕರೆಗಟ್ಟಲೆ ಕಾಡಿಗೆ ಟಾರು ಸುರಿದು ಕಾರು ನಿಲ್ಲಿಸುತ್ತೀರಿ, ನಾನು ಒಂದು ಗಿಡ ಕಿತ್ತರೆ ಕೊಲೆಗಾರ್ತಿಯೇ ಎಂದು ಕೂಗಾಡಿದೆ. ಡೊರತಿ ಪದ್ಮನ ಮನೆ ಮುಂದೆ ಕಾರು ನಿಲ್ಲಿಸಿದರು. ಬಾಗಿಲು ಬಡಿದು ಇಳಿದೆ.

ಫ್ಲಶಿಂಗ್

ಮರುದಿನ ಭಾನುವಾರ ಅಕ್ಕನ ಮನಸ್ಸಿಗೆ ಸಮಾಧಾನವಾಗಲಿ ಎಂದು ಪದ್ಮ, ಶ್ರೀಕಂಠ ನನ್ನನ್ನು ಫ್ಲಶಿಂಗ್ ಎಂಬಲ್ಲಿಯ ಗಣೇಶನ ಗುಡಿಗೆ ಕರೆದುಕೊಂಡು ಹೋದರು. ಹೂವಿನ ತಟ್ಟೆ ನೋಡಿದ ಕೂಡಲೇ ನನ್ನ ವಾದ ಮತ್ತೆ ಶುರುವಾಯಿತು. ನಮ್ಮೂರಲ್ಲಿ ಬೆಳಗಾಗುತ್ತಲೇ ಪಕ್ಕದವರ ಕಾಂಪೌಂಡಿನಿಂದ ಕೈ ಚಾಚಿ ಮೊಗ್ಗು ಸಮೇತ ಬಿಡಿಸುತ್ತೇವೆ, ಯಾವ ದೇವರೂ ಮುಖ ತಿರುಗಿಸಿಲ್ಲ ಎಂದು ಪದ್ಮನ ಕಿವಿಯಲ್ಲಿ ಹೇಳುತ್ತಲೇ ಇದ್ದೆ.

"ಹೋಗ್ಲಿ ಬಿಡಕ್ಕ. ವಾಪಸ್ ನೆಟ್ಟಿದಾರಲ್ಲ, ನೀರು ಹಾಕಿದ್ರೆ ಚಿಗುರತ್ತೆ," ಅಂದಳು ಪದ್ಮ. "ನೀನೇ ಬಾಟನಿ ಮೇಷ್ಟ್ರು, ನಿಂಗೊತ್ತಿಲ್ವಾ?"

ಗೊತ್ತಿತ್ತು. ಆರ್ಕಿಡ್ ಬೇರಿನೊಳಗೆ ಒಂದು ಶಿಲೀಂಧ್ರ ವಾಸಿಸುತ್ತದೆ, ಆ ಮಣ್ಣಿನಲ್ಲಿ ಮಾತ್ರ ಇರುತ್ತದೆ, ಅದರ ನಂಟು ಹರಿದರೆ ಗಿಡ ಉಪವಾಸ ಬಿದ್ದು ಸಾಯುತ್ತದೆ. ಬೀಜದಿಂದ ಹೂವಾಗಲು ವರ್ಷಗಟ್ಟಲೆ ಬೇಕು. ಎರಡನೆಯ ವರ್ಷದ ನೋಟ್ಸ್, ನಾನೇ ಹೇಳಿ ಬರೆಸುವುದು, ಇಪ್ಪತ್ತೆರಡು ಸಲ ಬರೆಸಿದ್ದೇನೆ. ಆ ಬೇರನ್ನು ಕುಂಚದ ನೀರಿನಲ್ಲಿ ಚೊಕ್ಕವಾಗಿ ತೊಳೆದವಳೂ ನಾನೇ. ಯಾರೂ ಹೇಳಲಿಲ್ಲ ಎಂದು ಯಾರ ಮೇಲೆ ಹಾರಾಡುತ್ತಿದ್ದೇನೆ? ಸಿಟ್ಟು ಕಡಿಮೆಯಾಯಿತು ಅಂದುಕೊಳ್ಳಬೇಡಿ, ಹೆಚ್ಚಾಯಿತು.

ಟೌನ್ ಹಾಲ್

ಮಂಗಳವಾರ ಬೋರ್ಡಿನವರು ಬಂದು, ಕಂದು ಬಣ್ಣಕ್ಕೆ ತಿರುಗಿ ಬಾಗಿದ ದಂಟೊಂದನ್ನು ನೋಡಿ ಹೋದರಂತೆ. ಯಾರೋ ಕಿತ್ತಿದ್ದಾರೆ ಎಂದಷ್ಟೇ ಡೊರತಿ ಹೇಳಿದರಂತೆ. ನನ್ನ ಹೆಸರು ಎತ್ತಲಿಲ್ಲ. ಅದಕ್ಕೂ ಸಿಟ್ಟು ಬಂತು, ಅವರ ಋಣ ನನಗೆ ಬೇಕಿರಲಿಲ್ಲ. ಗುರುವಾರ ಡೊರತಿಯೇ ಫೋನ್ ಮಾಡಿದರು. ಮುಂದಿನ ವಾರ ಬೋರ್ಡಿನ ವಿಚಾರಣೆ. ನಾನಿನ್ನೂ ಅದನ್ನು ಬರೆದಿರಲಿಲ್ಲ, ಈ ವರ್ಷ ಆ ಹೂವು ಅಲ್ಲಿ ಅರಳಿತ್ತು ಎನ್ನುವುದಕ್ಕೆ ಉಳಿದಿರುವುದು ನಿನ್ನ ಚಿತ್ರ ಒಂದೇ. ನೀನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು, ನಿನ್ನ ಮಾತಿಗೆ ತೂಕವಿದೆ, ತರುತ್ತೀಯಾ ಎಂದರು. ತರುತ್ತೇನೆ ಎಂದೆ. ಹೇಗಾದರೂ ಇದನ್ನು ಸರಿಮಾಡಬೇಕು ಎಂಬ ಹಟ ಹತ್ತಿತ್ತು. ಮೂರು ದಿನ ಕೂತು ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಅನಿತ ತಿದ್ದಿಕೊಟ್ಟಳು.

ವಿಚಾರಣೆ ಸಂಜೆ ಏಳಕ್ಕೆ ಶುರು, ಹೊರಗೆ ಇನ್ನೂ ಬಿಸಿಲಿತ್ತು. ಎದುರಿಗೆ ಉದ್ದನೆಯ ಮೇಜು, ಅದರ ಹಿಂದೆ ಬೋರ್ಡಿನವರು. ರೇಷ್ಮೆ ಸೀರೆಯುಟ್ಟು ಹೋಗಿದ್ದೆ, ಕಾಲುಚೀಲವಿಲ್ಲದೆ. ಡೊರತಿ ತಮ್ಮ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಯಾವುದರಲ್ಲೂ ಬೇರಿರಲಿಲ್ಲ. ಎಲೆಯ ಬುಡದಲ್ಲಿ ಮಣ್ಣು, ಮಣ್ಣಿನ ಮೇಲೆ ಒಣ ಎಲೆ, ಅಲ್ಲಿಗೆ ಕುಂಚ ನಿಂತಿತ್ತು.

ನನ್ನ ಸರದಿ ಬಂತು. ಚಿತ್ರ ಎತ್ತಿ ಹಿಡಿದೆ. ಬೋರ್ಡಿನ ಅಧ್ಯಕ್ಷ ಕನ್ನಡಕ ಹಾಕಿಕೊಂಡು ನೋಡಿ, ಇದು ಬಹಳ ಸುಂದರವಾಗಿದೆ ಎಂದ. ಈ ಹೂವು ಎಂಥ ಅಪರೂಪದ್ದು, ಇದನ್ನು ಬೇರೆ ಕಡೆ ನೆಡಲು ಯಾಕೆ ಆಗುವುದಿಲ್ಲ, ಇದಕ್ಕೆ ಆ ಕಾಡಿನ ಮಣ್ಣೇ ಯಾಕೆ ಬೇಕು ಎನ್ನುವುದನ್ನೆಲ್ಲ ತಡವರಿಸದೆ ಹೇಳಿದೆ. ಡೊರತಿ ಮೊದಲ ಸಲ ನನ್ನ ಕಡೆ ನೋಡಿ ತಲೆಯಾಡಿಸಿದರು.

ಆಗ ಬಿಲ್ಡರಿನ ವಕೀಲ ಎದ್ದ. ವಯಸ್ಸು ನಲವತ್ತಿರಬಹುದು, ಬಹಳ ಮರ್ಯಾದೆಯ ಮನುಷ್ಯ. ನನ್ನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. ಆ ದೇಶದಲ್ಲಿ ಸುಲೋಚನ ಎಂದು ಪೂರ್ತಿ, ಸರಿಯಾಗಿ ಕರೆದವನು ಅವನೊಬ್ಬನೇ. ಚಿತ್ರವನ್ನು ಹತ್ತಿರದಿಂದ ನೋಡಬಹುದೇ ಎಂದು ಅನುಮತಿ ಕೇಳಿ, ಕೈಗೆ ತೆಗೆದುಕೊಂಡು, ನಿಧಾನವಾಗಿ ನೋಡಿದ.

"ಬೇರುಗಳನ್ನು ಎಷ್ಟು ವಿವರವಾಗಿ ಬರೆದಿದ್ದೀರಿ," ಎಂದ. "ಇವು ಮಣ್ಣಿನೊಳಗೆ ಇರುತ್ತವಲ್ಲ, ನಿಮಗೆ ಹೇಗೆ ಕಂಡವು?"

ಪುಸ್ತಕ ನೋಡಿ ಬರೆದೆ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷದ ಮೇಷ್ಟರಿಕೆಯಲ್ಲಿ ಹಾಗೆ ಎಷ್ಟೋ ಬೇರುಗಳನ್ನು ನೋಡದೆಯೇ ಬರೆದಿದ್ದೇನೆ. ಡೊರತಿ ತಲೆ ತಗ್ಗಿಸಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

"ಕಿತ್ತು ನೋಡಿದೆ," ಎಂದೆ.

"ನೀವೇ?"

"ನಾನೇ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಾಡನ್ನು ಉಳಿಸಿ ಎಂದು ಕೇಳುವವರೇ ಕಾಡಿನ ಗಿಡವನ್ನು ಕಿತ್ತರು ಎನ್ನುವುದನ್ನು ಬೋರ್ಡು ಗಮನಿಸಬೇಕು ಎಂದು ಮೆಲ್ಲಗೆ ಹೇಳಿ ವಕೀಲ ಚಿತ್ರವನ್ನು ತಾನೇ ಬೋರ್ಡಿಗೆ ಒಪ್ಪಿಸಿದ. ಒಂದನ್ನು ಕಿತ್ತದ್ದು ನಾನು, ಮಿಕ್ಕಿದ್ದನ್ನೆಲ್ಲ ಕೀಳಲು ಹೊರಟವರು ನೀವು ಎಂಬ ಮಾತು ಕನ್ನಡದಲ್ಲಿ ನಾಲಿಗೆಯ ತುದಿಗೆ ಬಂತು. ಇಂಗ್ಲಿಷಿಗೆ ತರುವಷ್ಟರಲ್ಲಿ ನನ್ನ ಸಮಯ ಮುಗಿಯಿತು ಎಂದರು. ಅದೇ ಸಂಜೆ ಮನೆಗಳಿಗೆ ಒಪ್ಪಿಗೆ ಸಿಕ್ಕಿತು.

ವಾಪಸ್ ಬರುವಾಗ, ನೀನು ಏನೇ ಹೇಳಿದ್ದರೂ ಅವರು ಒಪ್ಪಿಗೆ ಕೊಡುತ್ತಿದ್ದರು ಎಂದರು ಡೊರತಿ. ಇರಬಹುದು. ಆದರೆ ಅವರಿಗೆ ಆ ಕೆಲಸವನ್ನು ಸುಲಭ ಮಾಡಿಕೊಟ್ಟವಳು ನಾನು, ಆ ತಪ್ಪನ್ನು ನನ್ನಿಂದ ಕಸಿದುಕೊಳ್ಳಬೇಡಿ ಎಂದೆ. ಅವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತರು. ನಾನು ಅಳಲಿಲ್ಲ.

ಮೈಸೂರಿಗೆ ಹೊರಡುವ ಮುಂಚೆ ಟೌನ್ ಹಾಲಿಗೆ ಹೋಗಿ ನನ್ನ ಚಿತ್ರ ಕೊಡಿ ಎಂದು ಕೇಳಿದೆ. ಕೌಂಟರಿನ ಹುಡುಗಿ ಫೈಲು ತೆಗೆದು ತೋರಿಸಿದಳು. ಚಿತ್ರದ ಮೂಲೆಗೆ ಒಂದು ಮುದ್ರೆ ಒತ್ತಿ ನಂಬರು ಹಾಕಿದ್ದರು. ವಾಪಸ್ ಕೊಡಲು ಆಗುವುದಿಲ್ಲ ಮೇಡಂ, ಇದು ದಾಖಲೆ ಎಂದಳು. ಬೇರು, ಹುಳು ಕಡಿದ ಎಲೆ, ನನ್ನ ಹುದ್ದೆ, ನನ್ನ ಊರು, ನನ್ನ ಸಹಿ, ಎಲ್ಲ ಇದ್ದ ಹಾಗೇ ಇದ್ದವು. ಮುದ್ರೆಯ ಕೆಳಗೆ ಬಿಲ್ಡರಿನ ಕಡೆಯ ಸಾಕ್ಷ್ಯ ಎಂದು ಬರೆದಿತ್ತು.